ಮಾಗಳಿ ಬೇರು ಎಲ್ಲಿ ಬೆಳೆದೀತು: ಮೂರು ಸಲ ಕೆಡವಿ ಕಟ್ಟಿದ ಒಂದು ನಕ್ಷೆ

ಹೋದ ವರ್ಷ ಗಾಂಧಿ ಬಜಾರಿನಲ್ಲಿ ಅಮ್ಮ ಮಾಗಳಿ ಬೇರಿನ ರಾಶಿ ಮುಂದೆ ಕೂತು ಒಂದೊಂದೇ ಬೇರು ಮುರಿದು ಮೂಸುತ್ತಿದ್ದಳು. ಬೆರಳಿಗಿಂತ ದಪ್ಪದ್ದು ಒಂದೂ ಇರಲಿಲ್ಲ.

"ಏನಪ್ಪಾ, ಬರೀ ಕಡ್ಡಿ ಥರ ಇದೆ?"

"ದಪ್ಪದ್ದು ಈಗ ಎಲ್ಲಿ ಬರುತ್ತಮ್ಮ? ಇದೂ ಆಂಧ್ರದಿಂದ ಬಂದಿರೋದು. ಮೊದಲೆಲ್ಲ ಮಾಗಡಿ ಕಡೆಯಿಂದಲೇ ಬರ್ತಿತ್ತು."

ಅಮ್ಮ ಅರ್ಧ ಕೆಜಿ ತಗೊಂಡಳು. ಮನೆಗೆ ಬಂದು ತೊಳೆದು, ಸಿಪ್ಪೆ ಹೆರೆದು, ನಡುವಿನ ನಾರು ತೆಗೆದಾಗ ಕೈಗೆ ಸಿಕ್ಕಿದ್ದು ಒಂದು ಬಟ್ಟಲು. ಮೊಸರು, ಸಾಸಿವೆ, ಖಾರ ಹಾಕಿ ಜಾಡಿಗೆ ತುಂಬಿದಳು. ನನ್ನ ಹೆಂಡತಿ ಎಂದಿನಂತೆ ತಿಗಣೆ ವಾಸನೆ ಅಂತ ಕಿಟಕಿ ತೆಗೆದಳು. ನನ್ನ ತಲೆಯಲ್ಲಿ ಮಾತ್ರ ಅಂಗಡಿಯವನ ಮಾತು ಉಳಿಯಿತು. ಮಾಗಡಿ ನಮ್ಮ ಮನೆಯಿಂದ ಒಂದು ಗಂಟೆ ದಾರಿ. ಅಲ್ಲಿ ಈಗ ಗಿಡ ಇದೆಯಾ, ಇಲ್ವಾ? ಇಲ್ಲದಿದ್ದರೆ ಮತ್ತೆ ಎಲ್ಲಿ ನೆಡಬಹುದು?

ನಾನು ಸಸ್ಯಶಾಸ್ತ್ರ ಓದಿದವನಲ್ಲ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಟೆಸ್ಟಿಂಗ್. ಆದರೆ ಒಂದು ಗಿಡ ಎಲ್ಲೆಲ್ಲಿ ಬೆಳೆಯಬಹುದು ಅಂತ ಲೆಕ್ಕ ಹಾಕಿ ನಕ್ಷೆ ಮಾಡುವ ಸಾಮಾನೆಲ್ಲ ಬಿಟ್ಟಿಯಾಗಿ ಸಿಗುತ್ತೆ ಅಂತ ಗೊತ್ತಿತ್ತು. ಐದು ತಿಂಗಳ ಶನಿವಾರ, ಭಾನುವಾರ ಹೋಯಿತು. ಮಾಡಿದ್ದು, ಕೆಡಿಸಿದ್ದು ಎರಡನ್ನೂ ಬರೆದಿಡುತ್ತಿದ್ದೇನೆ.

ಗಿಡ ಯಾವುದು ಅಂತ ಮೊದಲು

ಮಾಗಳಿ, ಕೆಲವರ ಬಾಯಲ್ಲಿ ಮಾಕಳಿ. ವೈಜ್ಞಾನಿಕ ಹೆಸರು ಡೆಕಾಲೆಪಿಸ್ ಹ್ಯಾಮಿಲ್ಟೋನಿ. ಬಳ್ಳಿಯಂಥ ಪೊದೆ, ಎಲೆ ಮುರಿದರೆ ಹಾಲು ಬರುತ್ತೆ. ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಬೆಳೆಯಲ್ಲ. ಒಣ ಕಾಡಿನ ಕಲ್ಲುಗುಡ್ಡ ಇದರ ಮನೆ. ಪ್ರಕೃತಿ ಸಂರಕ್ಷಣೆಯ ಜಾಗತಿಕ ಒಕ್ಕೂಟ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನ ಗಿಡ. ಕಾರಣ ಸುಲಭ: ನಾವು ತಿನ್ನುವುದು ಬೇರನ್ನೇ. ಬೇರು ಕಿತ್ತರೆ ಗಿಡ ಮುಗಿಯಿತು. ಆ ವಾಸನೆ ಕೊಡುವ ವಸ್ತು ವೆನಿಲಾದ ವೆನಿಲಿನ್‌ಗೆ ಅಣ್ಣತಮ್ಮನಂತೆ. ಅಣುಗಳ ಲೆಕ್ಕ ಒಂದೇ, ಜೋಡಣೆ ಮಾತ್ರ ಬೇರೆ. ಇದನ್ನು ಹೆಂಡತಿಗೆ ಹೇಳಿದೆ. ಪ್ರಯೋಜನ ಆಗಲಿಲ್ಲ.

ಹೆಸರಿನಲ್ಲೇ ಒಂದು ಕಷ್ಟ ಇದೆ. ಗ್ರಂಧಿಗೆ ಅಂಗಡಿಯಲ್ಲಿ ಸೊಗದೆ ಬೇರು ಅಥವಾ ನಾಮದ ಬೇರು ಅಂತ ಸಿಗುತ್ತಲ್ಲ, ಶರಬತ್ತಿಗೆ ಹಾಕೋದು, ಅದು ಬೇರೆ ಗಿಡ. ಹೆಮಿಡೆಸ್ಮಸ್ ಇಂಡಿಕಸ್. ಅದರ ಬೇರು ತಂತಿ ಥರ ಸಣ್ಣಗೆ ಇರುತ್ತೆ, ಮಾಗಳಿಯದ್ದು ಮೂಲಂಗಿ ಥರ ಮಾಂಸಲ. ಆದರೆ ವಾಸನೆ ಹತ್ತಿರ ಹತ್ತಿರ. ಹಾಗಾಗಿ ಒಂದರ ಬದಲು ಇನ್ನೊಂದು ಮಾರಾಟ ಆಗುತ್ತೆ. ತಮಿಳಿನ ನನ್ನಾರಿ ಅನ್ನುವ ಹೆಸರು ಎರಡಕ್ಕೂ ಅಂಟಿಕೊಂಡಿದೆ. ಹಾಗಾಗಿ ಊರಿನ ಹೆಸರು ನಂಬಿ ಒಂದು ದಾಖಲೆಯನ್ನೂ ತೆಗೆದುಕೊಳ್ಳಬಾರದು ಅಂತ ಮೊದಲ ದಿನವೇ ನಿಯಮ ಹಾಕಿಕೊಂಡೆ. ಬೆಂಗಳೂರಿನ ರಸ್ತೆ ಬದಿಯ ಉದ್ದುದ್ದ ಮರವನ್ನು ನಾವು ಅಶೋಕ ಅಂತ ಕರೆಯಲ್ವಾ, ಔಷಧಿಯ ಸೀತಾ ಅಶೋಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅದೇ ಕಥೆ ಇಲ್ಲೂ.

ಚುಕ್ಕೆ ಹೆಕ್ಕುವ ಕೆಲಸ

ಈ ಕೆಲಸಕ್ಕೆ ಎರಡು ಥರದ ದಿನಸಿ ಬೇಕು. ಒಂದು, ಗಿಡವನ್ನು ಯಾರಾದರೂ ನಿಜವಾಗಿ ನೋಡಿದ ಜಾಗಗಳು. ಇನ್ನೊಂದು, ಆ ಜಾಗಗಳ ಮಳೆ, ಬಿಸಿಲು, ಏರು, ಮಣ್ಣಿನ ಲೆಕ್ಕ ಚೌಕ ಚೌಕವಾಗಿ ತುಂಬಿಟ್ಟ ನಕ್ಷೆಗಳು, ಅಂದರೆ ಲೇಯರ್‌ಗಳು. ಎರಡನೇದನ್ನು ಡೌನ್‌ಲೋಡ್ ಮಾಡಿದರೆ ಆಯಿತು. ಮೊದಲನೇದೇ ಪ್ರಾಣ ತೆಗೆದಿದ್ದು.

ದಾಖಲೆಗಳಿಗೆ ಜಿಬಿಐಎಫ್ ನೋಡಿದೆ. 2001ರಲ್ಲಿ ಶುರುವಾದ, ಕೋಪನ್‌ಹೇಗನ್‌ನಲ್ಲಿ ಕಚೇರಿ ಇರುವ ಜಾಗತಿಕ ಜೀವವೈವಿಧ್ಯ ಭಂಡಾರ ಅದು. ಜೊತೆಗೆ ನಮ್ಮದೇ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಜನ ತಾವು ಕಂಡ ಗಿಡಗಳ ಫೋಟೊ ಹಾಕುವ ಐನ್ಯಾಚುರಲಿಸ್ಟ್, ಒಣಗಿಸಿದ ಗಿಡಗಳನ್ನು ಕಾಪಿಡುವ ಹರ್ಬೇರಿಯಂಗಳ ಹಳೆಯ ಚೀಟಿಗಳು. ಎಲ್ಲವನ್ನೂ ಒಂದು ಶೀಟಿಗೆ ಸುರಿದೆ. ನಕ್ಷೆ ತೋರಿಸುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ತೆರೆದರೆ ಕರ್ನಾಟಕ ಖಾಲಿ. ಚುಕ್ಕೆಗಳೆಲ್ಲ ಸ್ವಾಲ್ಬಾರ್ಡ್ ಪಕ್ಕದ ಸಮುದ್ರದಲ್ಲಿ, ಉತ್ತರ ಧ್ರುವದ ಹತ್ತಿರ ತೇಲುತ್ತಿದ್ದವು. ಅಕ್ಷಾಂಶ, ರೇಖಾಂಶದ ಕಾಲಂ ಅದಲುಬದಲು. ಇದು ಎಲ್ಲರಿಗೂ ಒಂದು ಸಲ ಆಗುತ್ತೆ ಅಂತ ಕೇಳಿದ್ದೆ, ನನಗೂ ಆಯಿತು, ಮುಂದೆ ಹೋದೆ.

ನಿಜವಾಗಿ ಕಾಡಿದ್ದು ಇನ್ನೊಂದು. ಸಾವನದುರ್ಗದ್ದು ಅಂತ ಬರೆದಿದ್ದ ಮೂರು ದಾಖಲೆಗಳು ನಕ್ಷೆಯಲ್ಲಿ ಮದ್ದೂರಿಗೂ ಕನಕಪುರಕ್ಕೂ ನಡುವಿನ ಹೊಲದಲ್ಲಿ ಕೂತಿದ್ದವು. ಉಪಗ್ರಹ ಚಿತ್ರ ಹಾಕಿ ನೋಡಿದರೆ ಸುತ್ತ ಉಳುಮೆ ಮಾಡಿದ ಗದ್ದೆ. ಒಂದು ಸಂಜೆ ಪೂರ್ತಿ ತಲೆ ಕೆರೆದುಕೊಂಡೆ. ಆಮೇಲೆ ಮೂಲ ಚೀಟಿಯ ಫೋಟೊ ಹಿಗ್ಗಿಸಿ ನೋಡಿದೆ: 12 ಡಿಗ್ರಿ 55 ಮಿನಿಟ್ ಉತ್ತರ, 77 ಡಿಗ್ರಿ 17 ಮಿನಿಟ್ ಪೂರ್ವ. ಯಾರೋ ಟೈಪ್ ಮಾಡುವಾಗ ನಡುವೆ ಚುಕ್ಕೆ ಇಟ್ಟು 12.55, 77.17 ಅಂತ ಹಾಕಿದ್ದಾರೆ. ಡಿಗ್ರಿಗೆ 60 ಮಿನಿಟ್ ಅಲ್ವಾ? 12 + 55/60 ಅಂದರೆ 12.917 ಆಗಬೇಕು. ಆ ಒಂದು ಚುಕ್ಕೆಗೆ ಗಿಡ 40 ಕಿಲೋಮೀಟರಿಗೂ ಜಾಸ್ತಿ ತೆಂಕಣಕ್ಕೆ ಜಾರಿತ್ತು. ಈ ತಪ್ಪು ಹಿಡಿಯೋಕೆ ಒಂದು ಸುಲಭ ಪರೀಕ್ಷೆ ಇದೆ. ದಶಮಾಂಶದ ಮುಂದಿನ ಎರಡು ಅಂಕಿ ಎಲ್ಲಾ ದಾಖಲೆಗಳಲ್ಲೂ 60ಕ್ಕಿಂತ ಕಡಿಮೆಯೇ ಇದ್ದರೆ ಅನುಮಾನ ಪಡಿ. ನನ್ನ ಶೀಟಿನಲ್ಲಿ ಒಂದೇ ಮೂಲದಿಂದ ಬಂದ ಹನ್ನೊಂದು ಸಾಲು ಹೀಗೇ ಇದ್ದವು. ಚೀಟಿ ಸಿಕ್ಕಿದ್ದನ್ನು ಸರಿ ಮಾಡಿದೆ, ಸಿಗದೇ ಇದ್ದದ್ದನ್ನು ಎಸೆದೆ.

ಮತ್ತೆ ಕೆಲವು ಗಿಡ ಕಬ್ಬನ್ ಪಾರ್ಕ್ ಪಕ್ಕ ಬೆಳೆದಿದ್ದವು. ಚೀಟಿಯಲ್ಲಿ ಬರೀ 'ಬೆಂಗಳೂರು' ಅಂತ ಇದ್ದರೆ ಕಂಪ್ಯೂಟರ್ ಅದನ್ನು ಊರಿನ ನಡುಮಧ್ಯಕ್ಕೆ ಒಯ್ದು ಕೂರಿಸುತ್ತೆ. ತೋಟಗಳಲ್ಲಿ ನೆಟ್ಟ ಗಿಡಗಳೂ ಕಾಡಿನ ಗಿಡದ ವೇಷದಲ್ಲಿ ನುಸುಳಿದ್ದವು. ಒಂದೇ ಮಾದರಿಯನ್ನು ಮೂರು ಹರ್ಬೇರಿಯಂಗೆ ಹಂಚಿದ್ದರಿಂದ ಒಂದೇ ಗಿಡ ಮೂರು ಸಲ ಎಣಿಕೆಯಾಗಿತ್ತು. ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಕೋಆರ್ಡಿನೇಟ್‌ಕ್ಲೀನರ್ ಪ್ಯಾಕೇಜ್ ಇವುಗಳಲ್ಲಿ ತುಂಬಾನೇ ಹಿಡಿಯಿತು. ಉಳಿದದ್ದನ್ನು ಕಣ್ಣಲ್ಲೇ ನೋಡಿ ತೆಗೆದೆ.

ಐನ್ಯಾಚುರಲಿಸ್ಟ್ ದಾಖಲೆಗಳನ್ನು ಬಿಡಬೇಕಾಗಿ ಬಂದಿದ್ದು ಬೇಜಾರು. ಫೋಟೊ ಚೆನ್ನಾಗಿತ್ತು, ಗುರುತು ಸರಿಯಿತ್ತು. ಆದರೆ ಅಪಾಯದಲ್ಲಿರುವ ಗಿಡಗಳ ಜಾಗವನ್ನು ಅವರು ಬೇಕಂತಲೇ ಮಸುಕು ಮಾಡುತ್ತಾರೆ. 0.2 ಡಿಗ್ರಿ ಚೌಕದೊಳಗೆ ಎಲ್ಲೋ ಒಂದು ಕಡೆ ಚುಕ್ಕೆ ಎಸೆಯುತ್ತಾರೆ. ಅಂದರೆ ಸುಮಾರು 22 ಕಿಲೋಮೀಟರ್ ಅಗಲದ ಚೌಕ. ನನ್ನ ಲೇಯರ್‌ನ ಚೌಕ ಒಂದು ಕಿಲೋಮೀಟರ್. ಬೆಟ್ಟದ ಗಿಡ ಕೆರೆಯೊಳಗೆ ಬಿದ್ದರೂ ಬೀಳಬಹುದು. ಆಗ ಸ್ವಲ್ಪ ಸಿಟ್ಟು ಬಂತು. ಆ ಮಸುಕು ಯಾಕೆ ಬೇಕು ಅಂತ ಅರ್ಥ ಆಗಿದ್ದು ಕೊನೆಯಲ್ಲಿ.

ಒಂದು ಚೌಕಕ್ಕೆ ಒಂದೇ ಚುಕ್ಕೆ ಅಂತ ಜಾಲಾಡಿದ ಮೇಲೆ ಉಳಿದದ್ದು 31. ಎರಡು ತಿಂಗಳ ದುಡಿಮೆಗೆ 31 ಚುಕ್ಕೆ.

ಲೇಯರ್‌ಗಳು

ಹವಾಮಾನಕ್ಕೆ ವರ್ಲ್ಡ್‌ಕ್ಲಿಮ್ ಆವೃತ್ತಿ 2.1. 1970ರಿಂದ 2000ದವರೆಗಿನ ಸರಾಸರಿ. 30 ಸೆಕೆಂಡಿನ (ಡಿಗ್ರಿಯ ಒಂದು ಮಿನಿಟಿಗೆ 60 ಸೆಕೆಂಡ್) ಚೌಕ, ನಮ್ಮ ಕಡೆ ಒಂದು ಚೌಕ ಸುಮಾರು 900 ಮೀಟರ್ ಅಗಲ. ಅದರಲ್ಲಿ 19 ಲೆಕ್ಕಗಳಿವೆ: ವರ್ಷದ ಸರಾಸರಿ ಉಷ್ಣತೆ, ವರ್ಷದ ಮಳೆ, ಮಳೆಯ ಏರಿಳಿತ, ಹೀಗೆ.

ಹತ್ತೊಂಬತ್ತನ್ನೂ ಸುರಿದರೆ ಆಗಲ್ಲ. ಅರ್ಧಕ್ಕರ್ಧ ಒಂದನ್ನೊಂದು ನಕಲು ಹೊಡೆಯುತ್ತವೆ. ಪರಸ್ಪರ ಸಂಬಂಧ 0.7 ದಾಟಿದ ಜೋಡಿಯಲ್ಲಿ ಒಂದನ್ನು ಕೈಬಿಟ್ಟೆ. ಇನ್ನು 8, 9, 18, 19ನೇ ಲೇಯರ್‌ಗಳನ್ನು ನೋಡಿದ ತಕ್ಷಣ ಬಿಟ್ಟೆ. ಉದಾಹರಣೆಗೆ 8ನೇದು 'ಹೆಚ್ಚು ಮಳೆಯ ಮೂರು ತಿಂಗಳ ಉಷ್ಣತೆ'. ಮಲೆನಾಡಿಗೆ ಆ ಮೂರು ತಿಂಗಳು ಮುಂಗಾರಿನವು. ಬೆಂಗಳೂರಿನ ಸುತ್ತ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಜೋರು. ಒಂದು ಚೌಕದಲ್ಲಿ ಒಂದು ಋತು, ಪಕ್ಕದ ಚೌಕದಲ್ಲಿ ಇನ್ನೊಂದು. ಹಾಗಾಗಿ ನಕ್ಷೆಯಲ್ಲಿ ಕಾಂಪೌಂಡ್ ಗೋಡೆ ಕಟ್ಟಿದ ಹಾಗೆ ಗೆರೆ ಬೀಳುತ್ತೆ. ನೆಲದ ಮೇಲೆ ಅಂಥ ಗೋಡೆ ಇಲ್ಲ.

ಇಲ್ಲಿ ನನ್ನದೇ ಒಂದು ಎಡವಟ್ಟು. ಹಾರ್ಡ್ ಡಿಸ್ಕಿನಲ್ಲಿ ಹಳೆಯ 1.4 ಆವೃತ್ತಿಯ ಒಂದು ಫೈಲ್ ಇತ್ತು. ಅದೇ ಹೆಸರು ಅಂತ ಅದನ್ನೂ ಸೇರಿಸಿಬಿಟ್ಟೆ. ಹಳೆಯದರಲ್ಲಿ ಉಷ್ಣತೆಯನ್ನು ಹತ್ತರಿಂದ ಗುಣಿಸಿ ಇಟ್ಟಿರುತ್ತಾರೆ. 23.8 ಡಿಗ್ರಿ ಇರಬೇಕಾದ ಕಡೆ 238. ಪ್ರೋಗ್ರಾಂ ಒಂದು ಮಾತೂ ಆಡದೆ ಲೆಕ್ಕ ಮಾಡಿ ಕೊಟ್ಟಿತು. ತವರ ಕರಗೋ ಬಿಸಿಲಿನ ಬದಿಯಲ್ಲಿ ಗಿಡ ಸುಖವಾಗಿದೆ ಅಂತ ಗ್ರಾಫ್ ತೋರಿಸಿದಾಗಲೇ ಗೊತ್ತಾಗಿದ್ದು. ಲೇಯರ್ ಹಾಕುವ ಮೊದಲು ಕನಿಷ್ಠ, ಗರಿಷ್ಠ ಎರಡನ್ನು ನೋಡಿಬಿಡಿ. ಅರ್ಧ ನಿಮಿಷದ ಕೆಲಸ.

ಮೊದಲ ನಕ್ಷೆ: ಎಲ್ಲೆಲ್ಲೂ ಹಸಿರು

ಲೆಕ್ಕಕ್ಕೆ ಮ್ಯಾಕ್ಸೆಂಟ್ ಅನ್ನುವ ಪ್ರೋಗ್ರಾಂ. ಫಿಲಿಪ್ಸ್ ಮತ್ತು ಜೊತೆಗಾರರು 2006ರಲ್ಲಿ ಪರಿಚಯಿಸಿದ್ದು, 2017ರಿಂದ ಮೂಲ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಅದರ ತಿರುಳು ನನಗೆ ಅರ್ಥವಾದ ಹಾಗೆ ಇಷ್ಟು: ಗಿಡ ಸಿಕ್ಕ ಜಾಗಗಳ ಸರಾಸರಿ ಮಳೆ, ಬಿಸಿಲು ಹೊಂದಬೇಕು. ಅದೊಂದು ಬಿಟ್ಟು ಬೇರೇನನ್ನೂ ಊಹಿಸದೆ, ಸಾಧ್ಯವಾದಷ್ಟು ಸಮನಾಗಿ ಹರಡು. ಗಿಡ 'ಇಲ್ಲ' ಅನ್ನುವ ದಾಖಲೆ ಬೇಕಾಗಿಲ್ಲ, 'ಇದೆ' ಅನ್ನೋದು ಸಾಕು. ಕಾಡಿನಲ್ಲಿ ಯಾರೂ 'ಇಲ್ಲಿ ಮಾಗಳಿ ಇಲ್ಲ' ಅಂತ ಚೀಟಿ ಬರೆಯಲ್ಲ ಅಲ್ವಾ?

ಪೂರ್ತಿ ಭಾರತ ಇಟ್ಟುಕೊಂಡು ಓಡಿಸಿದೆ. ಗಿಡ ಇರುವ ಜಾಗವನ್ನು ಬೇರೆ ಜಾಗದಿಂದ ಎಷ್ಟು ಚೆನ್ನಾಗಿ ಬೇರ್ಪಡಿಸಿತು ಅನ್ನುವ ಅಂಕ, ಎಯುಸಿ, 0.97. ಒಂದಕ್ಕೆ ಒಂದು ಬಂದರೆ ನೂರಕ್ಕೆ ನೂರು, 0.5 ಬಂದರೆ ನಾಣ್ಯ ಚಿಮ್ಮಿದ ಹಾಗೆ. ಖುಷಿಯಲ್ಲಿ ಫಿಲ್ಟರ್ ಕಾಫಿ ಕುಡಿದು ಬಂದು ನಕ್ಷೆ ನೋಡಿದೆ. ತುಮಕೂರು, ರಾಮನಗರ, ಕೋಲಾರ, ಚಿತ್ತೂರು ಎಲ್ಲಾ ಒಂದೇ ಹಸಿರು. ರಾಗಿ ಹೊಲ, ಲೇಔಟು, ಕೆಂಪೇಗೌಡ ವಿಮಾನ ನಿಲ್ದಾಣ, ಎಲ್ಲವೂ. ಆ 0.97 ಬಂದಿದ್ದು ಮಾಗಳಿ ಗಿಡ ರಾಜಸ್ಥಾನದಲ್ಲಿ ಇಲ್ಲ, ಹಿಮಾಲಯದಲ್ಲಿ ಇಲ್ಲ ಅಂತ ಸರಿಯಾಗಿ ಹೇಳಿದ್ದಕ್ಕೆ. ಅಷ್ಟು ಹೇಳೋಕೆ ಅಮ್ಮನೂ ಸಾಕು.

ಸರಿ, ಕ್ಷೇತ್ರ ಕುಗ್ಗಿಸಿದೆ. ಚುಕ್ಕೆಗಳಿಂದ 150 ಕಿಲೋಮೀಟರ್ ಒಳಗೆ ಮಾತ್ರ. ಇನ್ನೊಂದು ರಿಪೇರಿ ಹಿನ್ನೆಲೆ ಚುಕ್ಕೆಗಳದ್ದು. ಮ್ಯಾಕ್ಸೆಂಟ್ ತಾನಾಗೇ 10,000 ಚುಕ್ಕೆಗಳನ್ನು ಎಲ್ಲೆಡೆ ಎರಚಿ ಹೋಲಿಸುತ್ತೆ. ಆದರೆ ನಮ್ಮ ಜನ ಗಿಡ ನೋಡೋಕೆ ಹೋಗೋದು ಎಲ್ಲಿಗೆ? ಬೆಂಗಳೂರಿನಿಂದ ಭಾನುವಾರ ಹೋಗಿ ಬರುವಷ್ಟು ದೂರ, ಟಾರು ರಸ್ತೆ ಪಕ್ಕ. ಆಗ ಮ್ಯಾಕ್ಸೆಂಟ್ ಗಿಡವನ್ನು ಬಿಟ್ಟು ರಸ್ತೆಯನ್ನು ಕಲಿತುಬಿಡುತ್ತೆ. ಅದಕ್ಕೆ ಇದೇ ಕುಟುಂಬದ ಬೇರೆ ಗಿಡಗಳ ದಾಖಲೆಗಳನ್ನೇ ಹಿನ್ನೆಲೆಯಾಗಿ ಕೊಟ್ಟೆ. ಅವನ್ನು ನೋಡಿದವರೂ ಅದೇ ರಸ್ತೆಯಲ್ಲಿ ಹೋದವರೇ. ಪರೀಕ್ಷೆಗೂ ಚುಕ್ಕೆಗಳನ್ನು ಸುಮ್ನೆ ಅಲ್ಲೊಂದು ಇಲ್ಲೊಂದು ಆರಿಸದೆ, ನಕ್ಷೆಯನ್ನೇ ನಾಲ್ಕು ತುಂಡು ಮಾಡಿ ಮೂರರಲ್ಲಿ ಕಲಿಸಿ ನಾಲ್ಕನೇದರಲ್ಲಿ ಪರೀಕ್ಷಿಸಿದೆ. ಅಂಕ 0.71ಕ್ಕೆ ಇಳಿಯಿತು. 0.97ಕ್ಕಿಂತ ಈ 0.71ರ ಮೇಲೆ ನನಗೆ ನಂಬಿಕೆ ಜಾಸ್ತಿ.

ಎರಡನೇ ನಕ್ಷೆ: ಬಂಡೆ ಸೇರಿಸಿದ್ದು

ಸಾವನದುರ್ಗ 1226 ಮೀಟರ್. ಬುಡದ ಹೊಲಕ್ಕಿಂತ ನೆತ್ತಿಯಲ್ಲಿ ಎರಡು ಮೂರು ಡಿಗ್ರಿ ತಂಪು. ಆದರೆ ಒಂದು ಕಿಲೋಮೀಟರ್ ಚೌಕದಲ್ಲಿ ಬಂಡೆ, ಸಂದಿ, ಪೊದೆ, ಬುಡದ ರಾಗಿ ಹೊಲ ಎಲ್ಲಾ ಕಲಸಿ ಒಂದೇ ಸರಾಸರಿ. ಗಿಡ ಬದುಕೋದು ಎರಡು ಗೇಣು ಅಗಲದ ಕಲ್ಲುಸಂದಿಯಲ್ಲಿ. ಹವಾಮಾನದ ಲೇಯರ್‌ಗೆ ಅದು ಹೇಗೆ ಕಾಣಬೇಕು?

ಎಸ್‌ಆರ್‌ಟಿಎಂ ತೆಗೆದುಕೊಂಡೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಸುತ್ತಿ ರೇಡಾರಿನಿಂದ ಅಳೆದ ಎತ್ತರ. ಅದರ ಚೌಕ ಒಂದು ಸೆಕೆಂಡ್, ಸುಮಾರು 30 ಮೀಟರ್. ಒಂದು ವರ್ಲ್ಡ್‌ಕ್ಲಿಮ್ ಚೌಕದೊಳಗೆ ಅಂಥವು 30 ಇಂಟು 30, ಅಂದರೆ 900 ಹಿಡಿಯುತ್ತವೆ. ಇಲ್ಲಿ ಸರಾಸರಿ ಇಳಿಜಾರು ತೆಗೆದರೆ ಮತ್ತೆ ಅದೇ ಕಥೆ, ಬಂಡೆ ಕರಗಿಹೋಗುತ್ತೆ. ಬದಲಿಗೆ ಆ 900ರಲ್ಲಿ ಎಷ್ಟು ಚೌಕಗಳ ಇಳಿಜಾರು 20 ಡಿಗ್ರಿ ದಾಟಿದೆ ಅಂತ ಎಣಿಸಿದೆ. ರಾಗಿ ಹೊಲಕ್ಕೆ ಸೊನ್ನೆ. ರಾಮನಗರದ ಗುಡ್ಡಗಳಿಗೆ ಇನ್ನೂರು, ಮುನ್ನೂರು.

ಇಳಿಜಾರು ಲೆಕ್ಕ ಹಾಕೋಕೆ ಮೀಟರ್ ಲೆಕ್ಕದ ಪ್ರೊಜೆಕ್ಷನ್, ಅಂದರೆ ಉರುಟು ಭೂಮಿಯನ್ನು ಚಪ್ಪಟೆ ನಕ್ಷೆ ಮಾಡುವ ವಿಧಾನ, ಬೇಕು. ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯಲ್ಲಿ ಬೆಂಗಳೂರು 43ನೇ ವಲಯ, 78 ಡಿಗ್ರಿ ದಾಟಿದ ಕೋಲಾರ 44. ಮೊದಲ ಸಲ ಡಿಗ್ರಿಯಲ್ಲೇ ಲೆಕ್ಕ ಹಾಕಿ, ಇಡೀ ಕರ್ನಾಟಕ ಲಂಬವಾಗಿ ನಿಂತ ಗೋಡೆ ಅಂತ ಉತ್ತರ ಬಂತು.

ಈ ಎಣಿಕೆ ಸೇರಿಸಿದ್ದೇ ತಡ, ಹಸಿರು ಹರಿದು ಚೂರಾಯಿತು. ಹೊಲ, ಲೇಔಟು, ವಿಮಾನ ನಿಲ್ದಾಣ ಅಳಿಸಿಹೋದವು. ಮಾಗಡಿ, ರಾಮನಗರ, ಕನಕಪುರದ ಗ್ರಾನೈಟ್ ಸಾಲು ಬೆನ್ನುಮೂಳೆ ಥರ ಎದ್ದು ನಿಂತಿತು. ಕ್ಲೋಸ್‌ಪೇಟೆ ಗ್ರಾನೈಟ್ ಅಂತ ಭೂವಿಜ್ಞಾನಿಗಳು ಕರೆಯುವ, ಸುಮಾರು 250 ಕೋಟಿ ವರ್ಷದ ಕಲ್ಲು ಅದು. ಅದರ ಹೆಸರನ್ನು ನಾನು ಎಲ್ಲೂ ಟೈಪ್ ಮಾಡಿರಲಿಲ್ಲ, ತಾನಾಗೇ ಮೂಡಿತು. ಹೋಲಿಸಿ ನೋಡೋಕೆ ಇನ್ನೊಂದು ಪಟ್ಟಿ ಇತ್ತು. 1993ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಂರಕ್ಷಣಾ ಸಂಸ್ಥೆ ಎಫ್‌ಆರ್‌ಎಲ್‌ಎಚ್‌ಟಿ, ಅರಣ್ಯ ಇಲಾಖೆ ಜೊತೆ ಸೇರಿ ಔಷಧಿ ಗಿಡಗಳಿಗೆ ಅಂತಲೇ ಕಾಡಿನಲ್ಲಿ ಜಾಗಗಳನ್ನು ಗುರುತಿಸಿತ್ತು. ಕರ್ನಾಟಕದ ಆ 13 ಜಾಗಗಳಲ್ಲಿ ಸಾವನದುರ್ಗ, ದೇವರಾಯನದುರ್ಗ ಎರಡೂ ಇವೆ. ನನ್ನ ನಕ್ಷೆಯಲ್ಲೂ ಎರಡೂ ಹೊಳೆದವು. ಆಗುಂಬೆ, ತಲಕಾವೇರಿ ಕಪ್ಪಗೆ ಉಳಿದವು. ಅಷ್ಟು ಮಳೆ ಈ ಗಿಡಕ್ಕೆ ಬೇಡ.

ಮ್ಯಾಕ್ಸೆಂಟಿನ ಬಿಗಿಯನ್ನು ಒಂದರಿಂದ ಮೂರಕ್ಕೆ ಏರಿಸಿದೆ. ಚುಕ್ಕೆ ಕಡಿಮೆ ಇದ್ದಾಗ ಸಡಿಲ ಬಿಟ್ಟರೆ ಅದು ಒಂದೊಂದು ಚುಕ್ಕೆಯನ್ನೂ ಬಾಯಿಪಾಠ ಮಾಡುತ್ತೆ. ಅಂಕ 0.82. ನಾಲ್ಕು ತುಂಡಿನ ಪರೀಕ್ಷೆಯಲ್ಲಿ ಬಂದದ್ದು, ಆದ್ದರಿಂದ ಸ್ವಲ್ಪ ಹೆಮ್ಮೆಯೇ ಪಟ್ಟೆ. 2050ರ ಹವಾಮಾನ ಹಾಕಿ ನೋಡು ಅಂತ ಆಫೀಸಿನ ಗೆಳೆಯ ಒತ್ತಾಯ ಮಾಡಿದ. ಲೇಯರ್ ಬಿಟ್ಟಿಯಾಗಿ ಸಿಗುತ್ತೆ, ಬಣ್ಣವೂ ಚೆನ್ನಾಗಿ ಬರುತ್ತೆ. 31 ಚುಕ್ಕೆ ಇಟ್ಟುಕೊಂಡು 2050ರ ಮಾತಾಡೋಕೆ ನನಗೆ ಧೈರ್ಯ ಇಲ್ಲ ಅಂದೆ.

ಬೆಟ್ಟಕ್ಕೆ ಹೋಗಿದ್ದು

ಗಿಡ ಹಿಂದೆ ಸಿಗದ 12 ಚೌಕ ಆರಿಸಿದೆ. ಎಂಟಕ್ಕೆ ನಕ್ಷೆ ಹೆಚ್ಚು ಅಂಕ ಕೊಟ್ಟಿತ್ತು, ನಾಲ್ಕಕ್ಕೆ ಕಡಿಮೆ (ಈ ಅಂಕ ಎಯುಸಿ ಅಲ್ಲ, ಆ ಚೌಕ ಗಿಡಕ್ಕೆ ಎಷ್ಟು ಒಗ್ಗುತ್ತೆ ಅನ್ನೋದು). ರಿಸರ್ವ್ ಫಾರೆಸ್ಟ್ ಒಳಗಿನ ಚೌಕಗಳನ್ನು ಪಟ್ಟಿಗೇ ಸೇರಿಸಲಿಲ್ಲ, ಅಲ್ಲಿಗೆ ಇಲಾಖೆಯ ಅನುಮತಿ ಬೇಕು. ಮಳೆ ಬಿದ್ದು ಎಲೆ ಚಿಗುರಿದ ಮೇಲೆ ಸ್ಕೂಟರಿನಲ್ಲಿ ಹೊರಟೆ. ಜೊತೆಗೆ ಚಿಕ್ಕಪ್ಪ. ಅವರಿಗೆ ಗಿಡ ಗೊತ್ತು, ನನಗೆ ದಾರಿ ಗೊತ್ತು. ರಾಮನಗರದ ಕಡೆ ಕರಡಿ ಇರುತ್ತೆ, ಬೆಳಗ್ಗೆ ಒಂಬತ್ತಕ್ಕೆ ಮೊದಲು ಹತ್ತಬೇಡ ಅನ್ನೋದು ಅವರ ಷರತ್ತು.

ಮೊದಲ ಚೌಕ, ಅಂಕ 0.84. ನನ್ನ ನಕ್ಷೆಯ ಮುದ್ದಿನ ಚೌಕ. ಮಣ್ಣಿನ ದಾರಿ ಮುಗಿದು ಫೋನು ತಲುಪಿದಿರಿ ಅಂದಾಗ ಎದುರಿಗೆ ಬೆಟ್ಟ ಇರಲಿಲ್ಲ. ತಂತಿ ಬೇಲಿ, ಅದರಾಚೆ ನೂರಾರು ಅಡಿ ಅಗಲದ ಹಳ್ಳ, ತಳದಲ್ಲಿ ಹಸಿರು ನೀರು. ಗೋಡೆಗಳಲ್ಲಿ ಸಾಲಾಗಿ ಡ್ರಿಲ್ ಹೊಡೆದ ಗೆರೆಗಳು. ಕ್ವಾರಿ. 2000ದ ಫೆಬ್ರವರಿಯಲ್ಲಿ ಎಂಡೆವರ್ ಅಳೆದ ಗುಡ್ಡ ಅಷ್ಟರಲ್ಲಿ ಜಲ್ಲಿಯಾಗಿ ಹೋಗಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಇನ್ನೂ ನಿಂತಿತ್ತು.

"ಇದೇನೋ ನಿನ್ನ ಬೆಟ್ಟ?" ಅಂದರು ಚಿಕ್ಕಪ್ಪ.

ಕ್ವಾರಿ ಚೌಕಗಳನ್ನು ತೆಗೆಯೋಕೆ ಭೂಬಳಕೆಯ ನಕ್ಷೆ ಹಾಕಿದರೆ ಅದೂ ಕೈಕೊಟ್ಟಿತು. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇಎಸ್‌ಎಯ ವರ್ಲ್ಡ್‌ಕವರ್ 10 ಮೀಟರ್ ಅಗಲದಲ್ಲಿ ಚೆನ್ನಾಗಿದೆ, ಆದರೆ ಅದಕ್ಕೆ ಹಾಸುಬಂಡೆಯೂ ಬೋಳು ನೆಲ, ಕ್ವಾರಿಯೂ ಬೋಳು ನೆಲ. ಕೊನೆಗೆ ಉಪಗ್ರಹ ಚಿತ್ರ ನೋಡಿ ಕೈಯಲ್ಲೇ ಕ್ವಾರಿಗಳ ಸುತ್ತ ಗೆರೆ ಎಳೆದೆ. ಎರಡು ರಾತ್ರಿ ಹಿಡಿಯಿತು.

ಮೂರನೇ ಚೌಕದಲ್ಲಿ ಗಿಡ ಸಿಕ್ಕಿತು. ಯಾವ ಬೆಟ್ಟ ಅಂತ ಬರೆಯಲ್ಲ. ಲಂಟಾನದ ಪೊದೆಯಲ್ಲಿ ಅರ್ಧ ಗಂಟೆ ಕೈ ಗೀಚಿಸಿಕೊಂಡು ಹತ್ತಿದ ಮೇಲೆ ಒಂದು ಹಾಸುಬಂಡೆ. ನಡುವೆ ಉದ್ದಕ್ಕೆ ಸೀಳಿದ ಬಿರುಕು. ಬಿರುಕಿನ ಬಾಯಲ್ಲಿ ಕಪ್ಪು ಮಣ್ಣು, ಒಣ ಹುಲ್ಲು. ಅಲ್ಲಿಂದ ಬಳ್ಳಿ ಹೊರಬಂದು ಬಂಡೆ ಮೇಲೆ ಮಲಗಿತ್ತು. ಎದುರು ಬದುರು ಎಲೆ, ತುದಿ ದುಂಡಗೆ. ಚಿಕ್ಕಪ್ಪ ಒಂದು ಎಲೆ ಮುರಿದರು, ಹಾಲು ಹನಿಯಿತು. ಬೇರು ಎಲ್ಲಿದೆ ಅಂತ ಬಗ್ಗಿ ನೋಡಿದೆ. ಎರಡು ಬಂಡೆ ಒತ್ತಿ ಹಿಡಿದ ಕಡೆ ಕಂದು ಬಣ್ಣದ ಒಂದು ಉಬ್ಬು ಕಾಣುತ್ತಿತ್ತು. ಉಗುರಿನಿಂದ ಚೂರು ಗೀರಿ ಮೂಸಿದೆ. ನಮ್ಮ ಅಡುಗೆಮನೆ.

ಫೋಟೊ ತೆಗೆಯುವಾಗ ಮೇಕೆ ಕಾಯುವ ಒಬ್ಬರು ಮೇಲಿನಿಂದ ಇಳಿದು ಬಂದರು.

"ಬೇರು ಕೀಳಾಕ್ ಬಂದ್ರಾ?"

"ಇಲ್ಲಣ್ಣ, ಗಿಡ ಎಲ್ಲೆಲ್ಲಿದೆ ಅಂತ ನೋಡೋಕೆ."

"ನೋಡಾಕಾ?" ಅಂತ ನಕ್ಕರು. "ಈ ಕಲ್ಲುಸಂದೀಲಿ ಹಾರೆ ಆಡಲ್ಲ, ಅದ್ಕೇ ಉಳ್ಕಂಡೈತೆ. ನಾವು ಹುಡುಗರಾಗಿದ್ದಾಗ ಕೆಳಗಡೆ ಪೊದೆ ಒಳಗೂ ಇತ್ತು. ಮಣ್ಣಲ್ಲಿ ಇದ್ದಿದ್ದ ಬೇರು ತೊಡೆ ಗಾತ್ರ ಬರೋದು. ಅದ್ನೆಲ್ಲ ಮೊದ್ಲೇ ಅಗ್ದ್‌ಬುಟ್ರು."

ಇಳಿಯುವಾಗ ನಾನು ಮಾತಾಡಲಿಲ್ಲ. ನನ್ನ ಎರಡನೇ ನಕ್ಷೆ ಪೂರ್ತಿ ನಿಂತಿದ್ದು ಈ ಗಿಡಕ್ಕೆ ಕಡಿದಾದ ಬಂಡೆ ಇಷ್ಟ ಅನ್ನುವುದರ ಮೇಲೆ. ಬಂಡೆ ಇಷ್ಟ ಅನ್ನೋದು ಸುಳ್ಳಲ್ಲ, ಪುಸ್ತಕಗಳೂ ಅದನ್ನೇ ಹೇಳುತ್ತವೆ. ಆದರೆ ಎಷ್ಟು ಇಷ್ಟ, ಎಷ್ಟು ಅನಿವಾರ್ಯ? ಈಚಿನ ಚುಕ್ಕೆಗಳೆಲ್ಲ ಹಾರೆ ಎಟುಕದ ಕಡೆ ಉಳಿದ ಗಿಡಗಳದ್ದಾದರೆ, ಮ್ಯಾಕ್ಸೆಂಟ್ ಕಲಿತದ್ದು ಗಿಡದ ಆಸೆಯನ್ನಲ್ಲ, ಅಗೆಯುವವರ ಕಷ್ಟವನ್ನು.

ಲೆಕ್ಕ ಹೇಳಿಬಿಡುತ್ತೇನೆ. ಹನ್ನೆರಡರಲ್ಲಿ ಒಂಬತ್ತು ಚೌಕ ನೋಡಿದೆವು. ಹೆಚ್ಚು ಅಂಕದ ಆರರಲ್ಲಿ ಮೂರು ಕಡೆ ಗಿಡ ಇತ್ತು, ಒಂದು ಕ್ವಾರಿ, ಎರಡರಲ್ಲಿ ಇಲ್ಲ. ಕಡಿಮೆ ಅಂಕದ ಮೂರರಲ್ಲಿ ಒಂದು ಕಡೆ ಇತ್ತು. ಅದು ಸಿಕ್ಕಿದ್ದು ಗುಡ್ಡದ ಬುಡದ ಒಂದು ಗುಡಿಯ ಹಿಂದೆ, ಸಮತಟ್ಟಾದ ಮಣ್ಣಿನಲ್ಲಿ. ಇಲ್ಲಿ ಯಾರೂ ಏನೂ ಕೀಳಲ್ಲ ಅಂದರು ಪೂಜಾರಿ.

ಮೂರನೇ ನಕ್ಷೆ, ಅಲ್ಲ, ಎರಡು ನಕ್ಷೆ

ಆ ಗುಡಿಯ ಗಿಡ ನನ್ನನ್ನು ಮತ್ತೆ ಹಳೆಯ ಚೀಟಿಗಳಿಗೆ ಕಳಿಸಿತು. ದಾಖಲೆಗಳನ್ನು 1985ಕ್ಕೆ ಮೊದಲು, ಆಮೇಲೆ ಅಂತ ಎರಡು ಗುಂಪು ಮಾಡಿದೆ. ಹಳೆಯವು ಒಂಬತ್ತೇ. ಮ್ಯಾಕ್ಸೆಂಟ್ ಓಡಿಸೋಕೆ ಅಷ್ಟು ಸಾಲದು. ಆದರೆ ಒಂದೊಂದು ಚೌಕದ ಇಳಿಜಾರು ಎಣಿಕೆ ನೋಡೋಕೆ ಸಾಕು. ಹಳೆಯ ಒಂಬತ್ತರಲ್ಲಿ ನಾಲ್ಕು ಕಡಿಮೆ ಏರಿನ ಚೌಕದಲ್ಲಿದ್ದವು. ಹೊಸದರಲ್ಲಿ ಅಂಥವು ಬೆರಳೆಣಿಕೆ. ಹಳೆಯ ಚೀಟಿಗಳ ಜಾಗ ಅಷ್ಟು ನಿಖರ ಅಲ್ಲ, ಹಾಗಾಗಿ ಇದನ್ನು ಸಾಬೀತು ಅಂತ ನಾನು ಎಲ್ಲೂ ಹೇಳಲ್ಲ. ಮೇಕೆ ಕಾಯುವವರ ಮಾತಿನ ದಿಕ್ಕಿಗೇ ವಾಲುತ್ತಿದೆ ಅಂತಷ್ಟೇ ಹೇಳಬಲ್ಲೆ.

ಹಾಗಾಗಿ ಈಗ ನಕ್ಷೆ ಎರಡು. ಬಂಡೆ ಲೇಯರ್ ಸೇರಿದ್ದು 'ಉಳಿದಿರಬಹುದಾದ ಕಡೆ'. ಕಾಯಬೇಕಾದ ಜಾಗ ಅದು. ಹವಾಮಾನ ಮತ್ತು ಮಣ್ಣು ಮಾತ್ರ ಇಟ್ಟು, ಹೊಲ, ಊರು, ಕ್ವಾರಿ ಕಳೆದದ್ದು 'ಬೆಳೆಯಬಹುದಾದ ಕಡೆ'. ಸಸಿ ನೆಡೋಕೆ ನೋಡಬೇಕಾದದ್ದು ಇದನ್ನು. ಇವೆರಡರ ವ್ಯತ್ಯಾಸ ತೆಗೆದಾಗ ಮಾಗಡಿ, ಕನಕಪುರದ ಗುಡ್ಡಗಳ ಬುಡದಲ್ಲಿ ಒಂದು ಸಣ್ಣ ಪಟ್ಟಿ ಉಳಿಯುತ್ತೆ. ಪೊದೆ ಇದೆ, ಮಣ್ಣಿದೆ, ಗಿಡ ಇಲ್ಲ. ಎಲ್ಲಕ್ಕಿಂತ ಕೆಲಸಕ್ಕೆ ಬರುವ ನಕ್ಷೆ ಇದೇ ಅಂತ ನನ್ನ ಲೆಕ್ಕ. ಮೊದಲ ಸಲ ಎಸೆದ ಹಸಿರು ನಕ್ಷೆಯ ಅರ್ಧ ಭಾಗ ಹೀಗೆ ಹಿಂಬಾಗಿಲಿನಿಂದ ವಾಪಸ್ ಬಂತು.

ಹಂಚುವ ಮುಂಚೆ ಇನ್ನೊಂದು ಕೆಲಸ. ಒಂದು ಕಿಲೋಮೀಟರ್ ನಕ್ಷೆಯನ್ನು ಹಾಗೇ ಕೊಟ್ಟರೆ ಹಾರೆ ಹಿಡಿದವರಿಗೂ ಅದು ದಾರಿ ತೋರಿಸುತ್ತೆ. ಹಾಗಾಗಿ ಹೊರಗೆ ಕೊಡುವ ಪ್ರತಿಯಲ್ಲಿ 0.2 ಡಿಗ್ರಿ ಚೌಕ ಮಾಡಿದೆ. ಎರಡನೇ ತಿಂಗಳಲ್ಲಿ ಯಾವ ಮಸುಕಿನ ಮೇಲೆ ಸಿಟ್ಟು ಮಾಡಿದ್ದೆನೋ ಅದೇ. ಪೂರ್ತಿ ಪ್ರತಿಯನ್ನು ಅರಣ್ಯ ಇಲಾಖೆಗೆ ಮಾತ್ರ ಕೊಡುವುದು ಅಂತ ಇಟ್ಟುಕೊಂಡಿದ್ದೇನೆ. ಫೋಟೊಗಳ ಒಳಗೂ ಫೋನು ಜಿಪಿಎಸ್ ಬರೆದಿರುತ್ತೆ, ಅದನ್ನೂ ಅಳಿಸಿದೆ.

ಅಳಿಸಿದ ಮೇಲೆ ಬಂಡೆ ಸಂದಿಯ ಫೋಟೊವನ್ನು ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಎರಡು ಬೆರಳಲ್ಲಿ ಹಿಗ್ಗಿಸಿ, ಬಂಡೆ ನಡುವಿನ ಆ ಕಂದು ಉಬ್ಬನ್ನು ಬಹಳ ಹೊತ್ತು ನೋಡಿದಳು.

"ಚೆನ್ನಾಗಿ ದಪ್ಪ ಇದೆ ಕಣೋ. ಎಲ್ಲಿ ಇದು?"

ಹೇಳಲ್ಲ ಅಂದೆ.